ಹಿತ್ತಲ ಗೊಬ್ಬರಕ್ಕೆ ಗುಂಡಿಯೋ, ತೊಟ್ಟಿಯೋ, ಪೀಪಾಯಿಯೋ?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ನಾವು ಮನೆಮನೆಗೆ ಹೋಗುವಾಗ, ಹಿತ್ತಲಲ್ಲಿ ಸೊಪ್ಪು ತರಕಾರಿ ಬೆಳೆಸುವವರು ನಮ್ಮನ್ನು ಕೇಳುವ ಒಂದು ಪ್ರಶ್ನೆಯುಂಟು. ಅದೇನಂದರೆ, ಅಡಿಗೆಮನೆಯ ಕಸವನ್ನೂ ಅಂಗಳದ ತರಗೆಲೆಯನ್ನೂ ಗೊಬ್ಬರ ಮಾಡಿಕೊಳ್ಳುವದಕ್ಕೆ ಯಾವದನ್ನು ಇಟ್ಟುಕೊಳ್ಳುವದು ಒಳ್ಳೇದು? ಪೇಟೆಯಲ್ಲಿ ಮಾರುವ ಪ್ಲಾಸ್ಟಿಕ್ ಪೀಪಾಯಿಯೋ, ಇಟ್ಟಿಗೆಯ ತೊಟ್ಟಿಯೋ, ಎರೆಹುಳುವಿನ ತೊಟ್ಟಿಯೋ, ಇಲ್ಲವೆ ಅಜ್ಜನ ಕಾಲದ ತಿಪ್ಪೆಗುಂಡಿಯೋ?

ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ಒಂದು ಪೀಪಾಯಿಗೆ ಮೂರು ನಾಲ್ಕು ದಿವಸದ ಕೂಲಿಯನ್ನು ಕೊಟ್ಟು, ಆರು ತಿಂಗಳಾದ ಮೇಲೆ ಅದರೊಳಗೆ ಗೊಬ್ಬರಕ್ಕೆ ಬದಲಾಗಿ ಹುಳವನ್ನೋ ಒಣಗಿದ ಸಿಪ್ಪೆಯನ್ನೋ ಕಂಡವರು, ಇನ್ನು ಈ ಕೆಲಸವೇ ಬೇಡವೆಂದು ಕಸವನ್ನು ಚರಂಡಿಗೆ ಸುರಿಯುವದನ್ನೂ ಅದಕ್ಕೆ ಬೆಂಕಿ ಇಡುವದನ್ನೂ ನಾವು ಕಂಡಿದ್ದೇವೆ. ಬಳಿಕ ಅದೇ ಮನೆಯವರು ನಾಲ್ಕು ಬದನೆಯ ಗಿಡಕ್ಕಾಗಿ ಅಂಗಡಿಯ ಗೊಬ್ಬರವನ್ನು ಸಾಲವಾಗಿ ತರುವರು. ಆದುದರಿಂದ ಈ ತಿಂಗಳ ಪಾಠದಲ್ಲಿ ಈ ವಿಷಯವನ್ನು ಸಾವಧಾನವಾಗಿ ನೋಡೋಣ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ನಮ್ಮ ಸೀಮೆಯಲ್ಲಿ ಇಂಥದನ್ನು ಆರಿಸತಕ್ಕವರು ಅದರ ಅಂದವನ್ನಾಗಲಿ ಬೆಲೆಯನ್ನಾಗಲಿ ಮೊದಲು ನೋಡಕೂಡದು, ಅದು ತೇವವನ್ನು ಹಿಡಿದಿಡುವದೋ ಇಲ್ಲವೋ ಎಂಬದನ್ನೇ ಮೊದಲು ನೋಡಬೇಕು.

ಕಸವು ಗೊಬ್ಬರವಾಗುವದೆಂದರೆ ಸುಮ್ಮನೆ ಕೊಳೆಯುವದಲ್ಲ. ಕಣ್ಣಿಗೆ ಕಾಣದ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಅದನ್ನು ತಿಂದು ಜೀರ್ಣಿಸಿಕೊಳ್ಳುತ್ತವೆ. ನಮಗೆ ಹೇಗೋ ಹಾಗೆಯೇ ಅವುಗಳಿಗೂ ಆಹಾರ, ನೀರು, ಗಾಳಿ ಈ ಮೂರೂ ಬೇಕು. ಆಹಾರವೆಂದರೆ ಹಸಿಯದೂ ಒಣಗಿದ್ದೂ ಕೂಡಿದ್ದು. ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಸಗಣಿ, ರೇಷ್ಮೆ ಸಾಕುವ ಮನೆಗಳಲ್ಲಾದರೆ ಹುಳುವಿನ ಹಿಕ್ಕೆ, ಇವು ಹಸಿಯ ಬಗೆ. ಹೊಂಗೆಯ ತರಗೆಲೆ, ಕಡಲೇಕಾಯಿಯ ಸಿಪ್ಪೆ, ತೊಗರಿಯ ಹೊಟ್ಟು, ಹುಣಿಸೇಹಣ್ಣಿನ ಓಡು, ಇವು ಒಣ ಬಗೆ. ಕುಕ್ಕೆಯಲ್ಲಿ ಅಳೆಯುವದಾದರೆ ಒಂದು ಕುಕ್ಕೆ ಹಸಿಗೆ ಎರಡು ಕುಕ್ಕೆ ಒಣದು ಸುಮಾರಾಗಿ ಸರಿಹೋಗುವದು. ಸಾರಜನಕದ ಒಂದು ಪಾಲಿಗೆ ಇಂಗಾಲದ ೨೫ರಿಂದ ೩೦ ಪಾಲು ಇರಬೇಕೆಂದು ಶಾಸ್ತ್ರಜ್ಞರು ಹೇಳುವದೂ ಇದನ್ನೇ. ನೀರಿನ ವಿಷಯದಲ್ಲಿ ಕೈಯೇ ಅಳತೆ. ರಾಶಿಯೊಳಗಿನದನ್ನು ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆಯಾಗಿ ಸುರಿಯಲೂ ಕೂಡದು, ಅಂಗೈ ಒಣಗಿಯೇ ಇರಲೂ ಕೂಡದು.

ಇದಲ್ಲದೆ ರಾಶಿಯ ಗಾತ್ರವೂ ಲೆಕ್ಕಕ್ಕೆ ಬರುವದು. ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಸುಮಾರು ೩ ಅಡಿಯಷ್ಟು ಕಸವನ್ನು ಒಟ್ಟಿಗೇ ಕೂಡಿಸಿ ತೇವಮಾಡಿದರೆ, ಅದರ ನಡುವೆ ೫೫ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನ ತನಕ ಕಾವು ಏರುವದು. ಆ ಕಾವು ಕೆಲವು ದಿವಸ ನಿಂತರೆ ಕಳೆಯ ಬೀಜಗಳೂ ರೋಗದ ಅಣುಗಳೂ ಬಹುಮಟ್ಟಿಗೆ ಸಾಯುವವು. ಚಿಕ್ಕ ರಾಶಿಯಲ್ಲಿ ಹುಟ್ಟಿದ ಕಾವು ಹುಟ್ಟಿದ ಹಾಗೆಯೇ ಹೊರಗೆ ಹೋಗಿಬಿಡುವದು. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕುರಿ ಮೇಕೆಗಳು ಕೆರೆಯಂಗಳದ ಬಳ್ಳಾರಿ ಜಾಲಿಯ ಕಾಯನ್ನು ತಿಂದು ಬರುತ್ತವೆ. ಅವುಗಳ ಹಿಕ್ಕೆಯನ್ನು ಹಾಗೆಯೇ ಮಡಿಗೆ ಹಾಕಿದವರು, ಹರಿವೆ ಸೊಪ್ಪು ಏಳುವದಕ್ಕೆ ಮುಂಚೆ ಜಾಲಿಯ ಸಸಿಯನ್ನು ಕೀಳಬೇಕಾದೀತು.

ಈಗ ಪೀಪಾಯಿಯ ಮಾತಿಗೆ ಬರೋಣ. ಮಳೆ ಬಹಳವಾಗಿ ಬೀಳುವ ಸೀಮೆಗಳಲ್ಲಿ ಗೊಬ್ಬರಕ್ಕೆ ವೈರಿ ಯಾವದಂದರೆ ಹೆಚ್ಚಾದ ನೀರು. ಆದುದರಿಂದ ಅಂಥಲ್ಲಿಯ ಜನರು ಪಾತ್ರೆಯನ್ನು ನೆಲದಿಂದ ಎತ್ತರಿಸಿ, ಸುತ್ತಲೂ ತೂತುಗಳನ್ನು ಮಾಡಿ, ಗಾಳಿಯು ಆಡುವಂತೆಯೂ ನೀರು ಇಳಿದುಹೋಗುವಂತೆಯೂ ಏರ್ಪಾಡು ಮಾಡಿಕೊಂಡರು. ಅವರಿಗೆ ಅದು ಸರಿಯೇ. ನಮ್ಮಲ್ಲಿಯಾದರೋ ವೈರಿಯು ಒಣಗುವದೇ. ಈ ನಾಲ್ಕು ತಾಲ್ಲೂಕುಗಳಲ್ಲಿ ಕೊರಟಗೆರೆಯ ಸ್ಥಿತಿ ತುಸು ಮೇಲು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿಯ ದಡದಲ್ಲಿ ಅಡಿಕೆ ತೆಂಗಿನ ತೋಟಗಳೂ ಅವುಗಳ ನೆರಳೂ ಉಂಟು. ಮಧುಗಿರಿಯಲ್ಲಿಯೂ ಶಿರಾದಲ್ಲಿಯೂ ನೀರಾವರಿಯಿಲ್ಲದ ಕೆಂಪು ಮರಳುಮಣ್ಣೇ ಹೆಚ್ಚು. ಆಂಧ್ರದ ಸೀಮೆಯು ಬಹುಮಟ್ಟಿಗೆ ಸುತ್ತಿಕೊಂಡಿರುವ ಪಾವಗಡವಂತೂ ಎಲ್ಲಕ್ಕಿಂತ ಒಣ ತಾಲ್ಲೂಕು. ಮಳೆಯ ಹೆಚ್ಚು ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಜನವರಿಯಿಂದ ಮಾರ್ಚಿಯ ಕೊನೆಯ ವರೆಗೆ ಹನಿ ಬೀಳುವದೇ ಅಪರೂಪ. ತಿರುಮಣಿಯ ಸುತ್ತಮುತ್ತಲಿನ ಹೊಲಗಳಲ್ಲಿ ೨೦೧೯ರಲ್ಲಿ ಪೂರ್ತಿಯಾದ ೨೦೫೦ ಮೆಗಾವಾಟಿನ ಸೌರ ವಿದ್ಯುತ್ತಿನ ಹಲಗೆಗಳನ್ನು ನೋಡಿದವರಿಗೆ ನಮ್ಮ ಬಿಸಿಲಿನ ಬಲವನ್ನು ಬೇರೆ ವಿವರಿಸಬೇಕಾಗಿಲ್ಲ. ಅಂಥ ಬಿಸಿಲಿನಲ್ಲಿ ಸುತ್ತಲೂ ತೂತಿರುವ ಕಪ್ಪು ಪೀಪಾಯಿಯನ್ನು ನಿಲ್ಲಿಸುವದೆಂದರೆ ಒಲೆಯ ಮೇಲೆ ಇಟ್ಟ ಹಾಗೆ.

ಇದನ್ನು ನಾವು ಬೇರೆಯವರಿಂದ ಕಲಿತದ್ದಲ್ಲ, ನಾವೇ ಕೆಟ್ಟು ಕಲಿತದ್ದು. ಕೆಲವು ವರುಷಗಳ ಹಿಂದೆ ನಾವೂ ಒಂದು ಪೀಪಾಯಿಯನ್ನು ಕೊಂಡು ತಂದು, ನೋಡಲು ಚೆನ್ನಾಗಿರಲೆಂದು ಮನೆಯ ಮುಂದೆ ದಕ್ಷಿಣದ ಗೋಡೆಗೆ ಒರಗಿಸಿ ಇಟ್ಟೆವು. ಆಗ ಜನವರಿ ತಿಂಗಳು. ಮೊದಲ ಎರಡು ವಾರ ಹಸಿ ಸಿಪ್ಪೆಯನ್ನೂ ಮಿಕ್ಕ ಅನ್ನವನ್ನೂ ಮಾತ್ರವೇ ಹಾಕಿದೆವು. ದುರ್ವಾಸನೆ ಎದ್ದು ಬಿಳೀ ಹುಳಗಳು ತುಂಬಿಕೊಂಡವು. ಆಗ ಯಾರೋ ಹೇಳಿದರೆಂದು ಒಣ ಎಲೆಗಳನ್ನು ತುರುಕಿ ಮುಚ್ಚಿಬಿಟ್ಟೆವು. ವಾಸನೆಯು ನಿಂತಿತು, ಆದರೆ ಅದರೊಂದಿಗೆ ಕೆಲಸವೂ ನಿಂತಿತು. ಈಸ್ಟರ್ ಹಬ್ಬದ ಹೊತ್ತಿಗೆ ತೆರೆದು ನೋಡಿದರೆ ಈರುಳ್ಳಿಯ ಸಿಪ್ಪೆ ಹಾಕಿದ ಹಾಗೆಯೇ ಇತ್ತು. ನೆರೆಮನೆಯ ಅಜ್ಜಿಯೊಬ್ಬರು ಅದನ್ನು ಮುಟ್ಟಿ ನೋಡಿ, "ಏನ್ ಉಪದೇಶಿಯೋರೇ, ಗೊಬ್ಬರ ಮಾಡ್ತೀನಿ ಅಂತ ಹಪ್ಪಳ ಒಣಗಿಸಿದ್ದೀರಲ್ಲ!" ಎಂದು ನಕ್ಕರು. ಅವರ ಹಿತ್ತಲಲ್ಲಿ ಹಲಗೆಯಿಂದ ಮುಚ್ಚಿದ ಒಂದು ಗುಂಡಿಯುಂಟು. ಅದರಿಂದ ಅವರು ವರುಷಕ್ಕೆ ಎರಡು ಸಾರಿ ಗೊಬ್ಬರ ತೆಗೆಯುವರು. ಅವರ ಅವರೆಯ ಚಪ್ಪರವು ಬೀದಿಗೇ ಹೆಸರುವಾಸಿ. ಆ ಪೀಪಾಯಿಯಲ್ಲಿ ನಾವೀಗ ನೀರು ತುಂಬಿಡುತ್ತೇವೆ. ತೂತುಗಳನ್ನು ಮುಚ್ಚಿಸುವದಕ್ಕೆ ಮತ್ತೆ ಖರ್ಚಾಯಿತು.

ಹಾಗಾದರೆ ಪೀಪಾಯಿ ಎಂದಿಗೂ ಬೇಡವೋ ಎಂದು ಕೇಳುವಿರಿ. ಆಗಲೇ ಕೊಂಡವರು ಅದನ್ನು ಬಿಸಾಡಬೇಕಾಗಿಲ್ಲ. ತಳವನ್ನು ಕೊಯ್ದು ತೆಗೆದು, ಮರದ ನೆರಳಿನಲ್ಲಿ ಒಂದಡಿಯಷ್ಟು ನೆಲದೊಳಗೆ ಹೂತು, ಮೇಲಿನ ತೂತುಗಳಲ್ಲಿ ಅರ್ಧವನ್ನು ಮಣ್ಣಿನಿಂದ ಮೆತ್ತಿ ಉಪಯೋಗಿಸಬಹುದು. ಹೊಸದಾಗಿ ಕೊಳ್ಳುವದಕ್ಕೆ ಮಾತ್ರ ನಾವು ಯಾರಿಗೂ ಹೇಳುವದಿಲ್ಲ.

ಇಟ್ಟಿಗೆಯ ತೊಟ್ಟಿಗಳಲ್ಲಿ ಹೆಸರಾದದ್ದು ನಾಡೆಪ್ ತೊಟ್ಟಿ. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದಿನ ನಾರಾಯಣ ಪಾಂಢರಿಪಾಂಡೆ ಎಂಬ ರೈತರು ಇದನ್ನು ರೂಢಿಗೆ ತಂದರು. ಜನರು ಅವರನ್ನು ನಾಡೆಪ್ ಕಾಕಾ ಎಂದು ಕರೆಯುತ್ತಿದ್ದುದರಿಂದ ತೊಟ್ಟಿಗೂ ಅದೇ ಹೆಸರು ನಿಂತಿತು. ಸ್ವಲ್ಪ ಸಗಣಿಯಿಂದ ಬಹಳ ಗೊಬ್ಬರ ಮಾಡುವದೇ ಇದರ ಗುಣ. ಅದು ನಿಜವಾದ ಗುಣವೇ. ಆದರೆ ಅದರ ಅಳತೆಯನ್ನು ನೋಡಿರಿ: ಉದ್ದ ೧೦ ಅಡಿ, ಅಗಲ ೬ ಅಡಿ, ಎತ್ತರ ೩ ಅಡಿ. ಅದನ್ನು ಒಂದೆರಡು ದಿವಸಗಳಲ್ಲಿಯೇ ತುಂಬಿ ಮುಗಿಸಬೇಕು. ಒಂದು ಸಾರಿ ತುಂಬುವದಕ್ಕೆ ೧೫೦೦ರಿಂದ ೨೦೦೦ ಲೀಟರು ನೀರು ಹಿಡಿಯುವದು. ನಲ್ಲಿಯ ಮುಂದೆ ಕೊಡಗಳನ್ನು ಸಾಲಾಗಿಟ್ಟು ಕಾಯುವ ಮನೆಯವರು ಇಷ್ಟು ನೀರನ್ನು ಎಲ್ಲಿಂದ ತರುವರು? ಅಡಿಗೆಮನೆಯ ಕಸವೂ ಒಂದೆರಡು ದಿವಸದಲ್ಲಿ ಅಷ್ಟು ಕೂಡಿಬರುವದಿಲ್ಲ. ಕೊಳವೆಬಾವಿಯೂ ಹೊಲವೂ ಇದ್ದವರು ಕಟ್ಟಿಸಲಿ. ಹಿತ್ತಲಿಗೆ ಇದು ದೊಡ್ಡ ಅಂಗಿ.

ಎರೆಹುಳುವಿನ ಗೊಬ್ಬರವು ಬಹಳ ಒಳ್ಳೇದು, ಸಂದೇಹವಿಲ್ಲ. ಆದರೆ ಎರೆಹುಳು ಸಾಕುವವರು ಕೋಳಿ ಸಾಕಿದಂತೆ ದಿನಾ ನೋಡಿಕೊಳ್ಳಬೇಕು. ತೊಟ್ಟಿಯೊಳಗಿನ ಬಿಸಿ ೩೫ ಡಿಗ್ರಿಯನ್ನು ದಾಟಿದರೆ ಹುಳುಗಳು ಸಾಯುತ್ತವೆ, ಇಲ್ಲವೆ ಬಿಟ್ಟು ಹೋಗುತ್ತವೆ. ಇರುವೆ, ಇಲಿ, ಕೋಳಿ ಮೂರೂ ಅವುಗಳಿಗೆ ಶತ್ರುಗಳು. ಬೇಸಗೆಯಲ್ಲಿ ಕೂಲಿಗೆಂದು ಬೆಂಗಳೂರಿಗೆ ಹೋಗಿ ಹದಿನೈದು ದಿವಸ ಬೀಗ ಹಾಕುವ ಮನೆಗಳಿಗೆ ಇದು ಹೊಂದದು. ಕೊರಟಗೆರೆಯ ಕಡೆ ತೋಟದ ನೆರಳಿನಲ್ಲಿ ಮನೆ ಇರುವವರು, ಗರಿಯ ಚಪ್ಪರ ಹಾಕಿ, ತೊಟ್ಟಿಯ ಸುತ್ತಲೂ ನೀರಿನ ಕಾಲುವೆ ಮಾಡಿಕೊಂಡು ನಡಿಸಬಹುದು.

ಹಿತ್ತಲೇ ಇಲ್ಲದವರ ಗತಿ ಏನು? ಆಶ್ರಯದ ಮನೆಗಳಲ್ಲಿ ಇರುವ ನಮ್ಮವರಲ್ಲಿ ಅನೇಕರಿಗೆ ಬಾಗಲ ಮುಂದೆ ನಾಲ್ಕು ಹೆಜ್ಜೆ ಜಾಗವೇ ಹಿತ್ತಲೂ ಅಂಗಳವೂ ಆಗಿದೆ. ಅಂಥವರು ಒಡೆದ ಗುಡಾಣವನ್ನೋ ಹಳೇ ರಾಗಿಯ ವಾಡೆಯನ್ನೋ ಹುಡುಕಿಕೊಳ್ಳಲಿ. ಮಣ್ಣಿನ ಪಾತ್ರೆಯು ತಾನೇ ಉಸಿರಾಡುವದು, ಪ್ಲಾಸ್ಟಿಕ್ಕಿನ ಹಾಗೆ ಒಳಗೆ ಬೆವರುವದಿಲ್ಲ. ಬೆಂಗಳೂರಿನಲ್ಲಿ ೨೦೦೬ರಲ್ಲಿ ಆರಂಭವಾದ ಡೈಲಿ ಡಂಪ್ ಎಂಬ ಸಂಸ್ಥೆಯವರು ಒಂದರ ಮೇಲೊಂದು ಕೂಡಿಸಿದ ಮೂರು ಮಡಿಕೆಗಳನ್ನು ಇದಕ್ಕೆಂದೇ ಮಾಡಿಸಿ ಪಟ್ಟಣದ ಮನೆಗಳಿಗೆ ಒದಗಿಸಿದ್ದಾರೆ, ಉಪಾಯವು ಒಂದೇ. ತಳದಲ್ಲಿ ಬೆರಳು ಹೋಗುವಷ್ಟು ಎರಡು ತೂತು ಮಾಡಿ, ಎರಡು ಕಲ್ಲುಗಳ ಮೇಲೆ ನೆರಳಿನಲ್ಲಿ ಇಟ್ಟು, ಕೆಳಗೆ ಒಂದು ಗೇಣು ತೆಂಗಿನ ನಾರನ್ನೋ ಕಡಲೇಕಾಯಿ ಸಿಪ್ಪೆಯನ್ನೋ ಹಾಸಿರಿ. ಪ್ರತಿ ಹಿಡಿ ಹಸಿ ಕಸದ ಮೇಲೆ ಎರಡು ಹಿಡಿ ಒಣ ಎಲೆಯ ಪುಡಿಯನ್ನೂ ಚಿಟಿಕೆ ಮಣ್ಣನ್ನೂ ಉದುರಿಸಿ ಗೋಣಿಯ ಚೀಲವನ್ನು ನೆನಸಿ ಮುಚ್ಚಿರಿ. ಬೇಸಗೆಯಲ್ಲಿ ಆ ಗೋಣಿಯು ಒಣಗದಂತೆ ನೋಡಿಕೊಂಡರೆ ಸಾಕು. ಒಂದು ಗುಡಾಣ ತುಂಬಿದ ಮೇಲೆ ಇನ್ನೊಂದನ್ನು ಆರಂಭಿಸಬೇಕು. ಎರಡಿಲ್ಲದೆ ಇದು ನಡೆಯದು.

ಕಲ್ಲುಚಪ್ಪಡಿಯು ಅಗ್ಗವಾಗಿ ಸಿಕ್ಕುವ ಊರುಗಳಲ್ಲಿ ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ ಪೆಟ್ಟಿಗೆಯಂತೆ ಮಾಡಿಕೊಂಡವರನ್ನೂ ನಾವು ಬಲ್ಲೆವು. ಅದು ಗಟ್ಟಿಯಾದದ್ದು, ಗೆದ್ದಲು ತಿನ್ನಲಾರದ್ದು. ಆದರೆ ಕಲ್ಲು ಬಿಸಿಲಿಗೆ ಕಾಯುವದು. ಸಂದುಗಳಲ್ಲಿ ಚೇಳು ಸೇರುವದು. ನೆರಳಿದ್ದರೆ ಮಾತ್ರ ಅದು ಆದೀತು.

ಇನ್ನು ಗುಂಡಿ. ಇದರ ವಿಷಯದಲ್ಲಿ ಎರಡು ಚರಿತ್ರೆಗಳನ್ನು ತಿಳಿದಿರುವದು ಒಳ್ಳೇದು. ಆಲ್ಬರ್ಟ್ ಹಾವರ್ಡ್ ಎಂಬ ಆಂಗ್ಲ ಶಾಸ್ತ್ರಜ್ಞರು ೧೯೦೫ರಲ್ಲಿ ಇಂಡಿಯಾ ದೇಶಕ್ಕೆ ಬಂದು, ಇಲ್ಲಿಯ ರೈತರ ಬೇಸಾಯವನ್ನು ತಾತ್ಸಾರಮಾಡದೆ ಅದರಿಂದಲೇ ಕಲಿತು, ೧೯೨೪ರಿಂದ ಇಂದೂರಿನಲ್ಲಿದ್ದುಕೊಂಡು ಗೊಬ್ಬರದ ಒಂದು ಕ್ರಮವನ್ನು ಗೊತ್ತುಮಾಡಿದರು. ೧೯೩೧ರಲ್ಲಿ ಅವರೂ ಯಶವಂತ ವಾಡ್ ಎಂಬವರೂ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಆಳವಿಲ್ಲದ ಗುಂಡಿಯಲ್ಲಿ ಕಸವನ್ನೂ ಸಗಣಿಯನ್ನೂ ಮಣ್ಣನ್ನೂ ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ಮೂರು ಸಾರಿ ಮಗುಚಿದರೆ ಮೂರು ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುವದು. ಮಳೆಗಾಲದಲ್ಲಿ ಗುಂಡಿಯು ನೀರು ತುಂಬಿಕೊಳ್ಳುವದರಿಂದ ಅವರು ನೆಲದ ಮೇಲೆಯೇ ರಾಶಿ ಮಾಡಿಸುತ್ತಿದ್ದರು. ಇದೇ ಇಂದೂರು ಪದ್ಧತಿ. ಕ್ರಮವು ಒಳ್ಳೇದೇ, ಆದರೆ ಮಗುಚಿದಾಗಲೆಲ್ಲಾ ತೇವವು ಆರಿಹೋಗುವದರಿಂದ ಮತ್ತೆ ಮತ್ತೆ ನೀರು ಬೇಕು, ಮೈಬಲವೂ ಬೇಕು.

ಎರಡನೇದು ನಮ್ಮ ಸೀಮೆಗೆ ಸಮೀಪವಾದದ್ದು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಎಂಬ ಶಾಸ್ತ್ರಜ್ಞರು, ಪಟ್ಟಣದ ಕಸವನ್ನು ಗೊಬ್ಬರ ಮಾಡುವದಕ್ಕಾಗಿ ಬೇರೊಂದು ಕ್ರಮವನ್ನು ಕಂಡುಹಿಡಿದರು. ಸುಮಾರು ಮೂರಡಿ ಆಳದ ಗುಂಡಿಯಲ್ಲಿ ಪದರಗಳನ್ನು ಹಾಕಿ, ತುಂಬಿದ ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುವದು. ಬಳಿಕ ಮಗುಚುವ ಕೆಲಸವಿಲ್ಲ, ಪದೇಪದೇ ನೀರು ಹೊಯ್ಯುವ ಕೆಲಸವೂ ಇಲ್ಲ. ಮೂರು ತಿಂಗಳಿಗೆ ಬದಲಾಗಿ ಆರರಿಂದ ಎಂಟು ತಿಂಗಳು ಹಿಡಿಯುವದು. ಆದರೆ ತೇವವೂ ಸಾರಜನಕವೂ ಗಾಳಿಗೂ ಬಿಸಿಲಿಗೂ ಹಾರಿಹೋಗದೆ ಒಳಗೇ ಉಳಿಯುವವು. ಮಳೆ ಕಡಿಮೆಯಾದ ಸೀಮೆಗಳಿಗೆ ಇದು ಹೊಂದುವದೆಂದು ಬಲ್ಲವರು ಹೇಳುತ್ತಾರೆ. ಆಗಿನ ಪಟ್ಟಣಗಳಲ್ಲಿ ಕಸದೊಂದಿಗೆ ಮಲವನ್ನೂ ಹಾಕುತ್ತಿದ್ದರು; ಮನೆಯ ಹಿತ್ತಲಲ್ಲಿ ಅದನ್ನು ಎಂದಿಗೂ ಮಾಡಕೂಡದು, ಯಾಕಂದರೆ ಅದರಿಂದ ಹೊಟ್ಟೆಹುಳು ಮೊದಲಾದ ರೋಗಗಳು ಹಬ್ಬುವವು. ಸಗಣಿಯೇ ಸಾಕು. ನಮ್ಮ ನೆರೆಯ ಅಜ್ಜಿ ಆಚಾರ್ಯರ ಹೆಸರನ್ನು ಕೇಳಿದವರಲ್ಲ, ಆದರೂ ಅವರು ಮಾಡುವದು ಬಹುಮಟ್ಟಿಗೆ ಇದನ್ನೇ. ಈ ಸೀಮೆಯ ಹಿತ್ತಲಿಗೆ ನಾವು ಹೇಳುವದೂ ಇದನ್ನೇ.

ಮಾಡುವ ಕ್ರಮ ಹೀಗೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಎರಡು ಗುಂಡಿಗಳನ್ನು ನಡುವೆ ಎರಡಡಿ ಬಿಟ್ಟು ತೋಡಿರಿ. ಗೋಡೆಯ ಉತ್ತರದ ಮಗ್ಗುಲು ಒಳ್ಳೇದು. ಬಿಸಿಲು ತೀಕ್ಷ್ಣವಾದ ಒಣ ತಿಂಗಳುಗಳಲ್ಲಿ ಅಲ್ಲಿ ನೆರಳು ಸಿಕ್ಕುವದು. ಹೊಂಗೆಯ ಮರದ ಕೆಳಗೆ ಮಾಡುವದಾದರೆ ಬುಡದಿಂದ ಆರೇಳು ಅಡಿ ಈಚೆಗೆ ಇರಲಿ, ಇಲ್ಲವಾದರೆ ಬೇರುಗಳು ಬಂದು ನಿಮಗಿಂತ ಮೊದಲು ಗೊಬ್ಬರವನ್ನು ತಿನ್ನುವವು. ಸೇದುವ ಬಾವಿಯಿದ್ದರೆ ೫೦ ಅಡಿಯಾದರೂ ದೂರವಿರಬೇಕು, ಬಾವಿಗಿಂತ ತಗ್ಗಿನಲ್ಲಿ ಇರಬೇಕು. ಮಣ್ಣು ಬರೀ ಮರಳಾದರೆ ಪಕ್ಕಗಳಿಗೂ ತಳಕ್ಕೂ ಕೆರೆಗೋಡನ್ನೂ ಸಗಣಿಯನ್ನೂ ಕಲಸಿ ಬಳಿಯಿರಿ. ಆಗ ಹಾಕಿದ ನೀರು ಇಂಗಿಹೋಗದು. ಪಾವಗಡ ಮಧುಗಿರಿಗಳ ಕಡೆ ಒಂದೂವರೆ ಅಡಿ ಅಗೆಯುವಷ್ಟರಲ್ಲಿ ಗಟ್ಟಿ ಗರಸೋ ಬಂಡೆಯೋ ಸಿಕ್ಕುವದುಂಟು. ಆಗ ಗುದ್ದಲಿಯನ್ನು ಮುರಿದುಕೊಳ್ಳದೆ ಅಲ್ಲಿಗೇ ನಿಲ್ಲಿಸಿ, ಮಿಕ್ಕ ಒಂದೂವರೆ ಅಡಿಯನ್ನು ಕಾಡುಗಲ್ಲು ಮಣ್ಣುಗಳಿಂದ ಮೇಲೆ ಕಟ್ಟಿರಿ. ಅರ್ಧ ಗುಂಡಿ, ಅರ್ಧ ತೊಟ್ಟಿ; ಕೆಲಸವು ಒಂದೇ. ಗುಂಡಿಯ ಸುತ್ತಲೂ ಒಂದು ಗೇಣು ಎತ್ತರದ ಏರಿಯನ್ನು ಹಾಕಿರಿ, ಸೆಪ್ಟೆಂಬರಿನ ಮಳೆಯ ನೀರು ಒಳಗೆ ಹರಿಯಬಾರದು. ಮುಚ್ಚಳಕ್ಕೆ ಹಳೇ ತಗಡೋ ಹಲಗೆಯೋ ಸಾಕು, ಆದರೆ ಮಕ್ಕಳಿರುವ ಮನೆಯಲ್ಲಿ ಮುಚ್ಚಳವಿಲ್ಲದೆ ಒಂದು ದಿವಸವೂ ಬಿಡಬೇಡಿರಿ.

ಹಳೇ ಹಗೇವು ಇದೆ, ಅದನ್ನೇ ಉಪಯೋಗಿಸಬಹುದೋ ಎಂದು ಒಬ್ಬರು ನಮ್ಮನ್ನು ಕೇಳಿದರು. ಬೇಡ. ಹಗೇವಿನ ಬಾಯಿ ಕಿರಿದು, ಹೊಟ್ಟೆ ಆಳ. ಅದರಲ್ಲಿ ಕೆಟ್ಟ ಗಾಳಿ ನಿಲ್ಲುವದು. ರಾಗಿ ತೆಗೆಯುವದಕ್ಕೆ ಇಳಿಯುವ ಮುಂಚೆ ಹಿರಿಯರು ಬಾಯಿ ತೆರೆದು ಕಾಯುತ್ತಿದ್ದದ್ದು ಸುಮ್ಮನೆ ಅಲ್ಲ. ಕೊಳೆಯುವ ಕಸ ಹಾಕಿದ ಹಗೇವಿಗೆ ಇಳಿದವನು ಮೇಲೆ ಬಾರದೆ ಹೋಗಬಹುದು.

ತುಂಬುವದು ಹೇಗಂದರೆ, ತಳದಲ್ಲಿ ಒಂದು ಗೇಣು ಒರಟಾದ ಒಣ ಕಡ್ಡಿಗಳನ್ನು ಹಾಸಿ, ಅದರ ಮೇಲೆ ಸಗಣಿಯ ಬಗ್ಗಡವನ್ನು ಚೆಲ್ಲಿರಿ. ದಿನದಿನದ ಹಸಿ ಕಸವನ್ನು ಹಾಕಿದ ಕೂಡಲೆ ಅದರ ಎರಡರಷ್ಟು ತರಗೆಲೆಯಿಂದ ಮುಚ್ಚಿರಿ. ವಾರಕ್ಕೊಮ್ಮೆ ಎರಡು ಬೆರಳು ದಪ್ಪ ಕೆರೆಗೋಡನ್ನು ಹರಡಿರಿ. ನೀರಿಗಾಗಿ ಬೇರೆ ಕೊಡ ತರಬೇಡಿರಿ. ತರಕಾರಿ ತೊಳೆದ ನೀರು, ಎಮ್ಮೆಯಿಲ್ಲದ ಮನೆಯಲ್ಲಿ ಕಲಗಚ್ಚು, ಇವೇ ಸಾಕು. ಸಾಬೂನಿನ ನೀರು ಬೇಡ. ರಾಗಿಯ ಹುಲ್ಲನ್ನು ಯಾರೂ ಇದಕ್ಕೆ ಹಾಕುವದಿಲ್ಲವೆಂದು ಬಲ್ಲೆವು, ಅದು ದನದ ಬಾಯಿಗೆ ಸೇರಿದ್ದು. ಎಣ್ಣೆ, ಮಾಂಸ, ಮೂಳೆ, ನಾಯಿಯ ಹೇಲು, ಪ್ಲಾಸ್ಟಿಕ್ ಇವು ಬೇಡ. ಒಲೆಯ ಬೂದಿ ಒಂದು ಹಿಡಿ ಸಾಕು, ಮೊರಗಟ್ಟಲೆ ಬೇಡ. ಕಾಂಗ್ರೆಸ್ ಗಿಡವನ್ನು ಹೂ ಬಿಡುವದಕ್ಕೆ ಮುಂಚೆ ಕಿತ್ತರೆ ಹಾಕಬಹುದು, ಹೂವಾದ ಮೇಲೆ ಕೂಡದು. ದಿನಕ್ಕಿಷ್ಟು ಎಂದು ತುಂಬುವ ಚಿಕ್ಕ ಗುಂಡಿಯಲ್ಲಿ ಮೇಲೆ ಹೇಳಿದ ದೊಡ್ಡ ಕಾವು ಏರುವದಿಲ್ಲ. ಆದುದರಿಂದ ಜಾಲಿಯ ಬೀಜವಿರುವ ಹಿಕ್ಕೆಯನ್ನೂ ಇದಕ್ಕೆ ಹಾಕಬೇಡಿರಿ. ಇದು ಈ ಕ್ರಮದ ಒಂದು ಕೊರತೆಯೇ, ಅದನ್ನು ಬಚ್ಚಿಡುವದಿಲ್ಲ.

ಮೂರು ನಾಲ್ಕು ತಿಂಗಳಲ್ಲಿ ಗುಂಡಿಯು ತುಂಬುವದು. ನಡುವು ಸ್ವಲ್ಪ ಉಬ್ಬಿರುವಂತೆ ಒಟ್ಟಿ, ಒಂದು ಬಿಂದಿಗೆ ಸಗಣಿಯ ನೀರು ಚೆಲ್ಲಿ, ಮಣ್ಣು ಸಗಣಿಗಳ ಕೆಸರಿನಿಂದ ಒಂದು ಅಂಗುಲ ದಪ್ಪ ಮೆತ್ತಿರಿ. ಬಿರುಕು ಬಿಟ್ಟರೆ ಮತ್ತೆ ಮೆತ್ತಿರಿ. ಇದನ್ನು ಬಿಡಬೇಡಿರೆಂದು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ಕಪ್ಪು ದುಂಬಿಯು ಮೊಟ್ಟೆಯಿಡುವದು ತೆರೆದ ತಿಪ್ಪೆಗಳಲ್ಲಿಯೇ. ಶಿರಾ ಕೊರಟಗೆರೆಗಳ ಕಡೆ ಮನೆಗೆ ಎರಡು ತೆಂಗು ಇರುವವರು, ಕಸ ತೆರೆದಿಟ್ಟು ತೆಂಗನ್ನು ಕಳಕೊಂಡರೆ ಲಾಭವೇನು? ಅರೆಬೆಂದ ಗೊಬ್ಬರವನ್ನು ಹಾಕಿದರೆ ಗೆದ್ದಲು ಬರುವದೆಂದು ನಮ್ಮ ರೈತರು ಹೇಳುವದೂ ನಿಜ. ಗೆದ್ದಲಿಗೆ ಬೇಕಾದದ್ದು ಒಣ ಕಡ್ಡಿ. ತೇವವಾಗಿ ಪೂರ್ತಿ ಕಳಿತ ಗೊಬ್ಬರದಲ್ಲಿ ಅದಕ್ಕೆ ಊಟವಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಒಂದು ಮನೆಯಲ್ಲಿ ನಾವು ಗುಂಡಿಯ ವಿಷಯವನ್ನು ಎತ್ತಿದಾಗ, ಕಾಲೇಜಿನಲ್ಲಿ ಓದುವ ಮಗನು, "ಅಯ್ಯಾ, ನಮ್ಮ ತಾತ ಗೌಡರ ತಿಪ್ಪೆ ಹೊತ್ತು ಹೊತ್ತು ಸತ್ತ. ನಾನು ಓದಿದ್ದು ಅದನ್ನು ಬಿಡೋದಕ್ಕೆ" ಎಂದನು. ಅವನ ತಾಯಿ ತಲೆ ತಗ್ಗಿಸಿದರು. ನಮಗೂ ಕೂಡಲೇ ಉತ್ತರ ತೋರಲಿಲ್ಲ. ನಮ್ಮ ಸಭೆಗಳ ಹಿರಿಯರಲ್ಲಿ ಅನೇಕರು ಜೀತದಲ್ಲಿದ್ದು ಬೇರೆಯವರ ಕೊಟ್ಟಿಗೆ ಬಳಿದವರು. ೧೯೭೬ರ ಕಾಯಿದೆಯು ಜೀತವನ್ನು ತೆಗೆದುಹಾಕಿತು, ಆದರೆ ಆ ನೆನಪು ಕಾಯಿದೆಯಿಂದ ಹೋಗುವದಲ್ಲ. ಅವರು ಹೊತ್ತ ಗೊಬ್ಬರದಲ್ಲಿ ಒಂದು ಕುಕ್ಕೆಯೂ ಅವರ ಸ್ವಂತ ಗಿಡಕ್ಕೆ ಬೀಳಲಿಲ್ಲ. ಅನೇಕರಿಗೆ ಗಿಡ ನೆಡುವಷ್ಟು ನೆಲವೂ ಇರಲಿಲ್ಲ. ಆ ಹುಡುಗನ ಸಿಟ್ಟು ಅನ್ಯಾಯದ ಮೇಲಿನದು, ಅದನ್ನು ಸೋಮಾರಿತನವೆಂದು ಕರೆಯುವವರು ತಪ್ಪುವರು. ನಾವು ಅವನಿಗೆ ಹೇಳಿದ್ದು ಇಷ್ಟೇ: ಆ ತಿಪ್ಪೆ ಗೌಡರದು, ಈ ಗುಂಡಿ ನಿನ್ನ ತಾಯಿಯದು, ಇದರಿಂದ ಬೆಳೆದ ಬದನೆ ನಿನ್ನ ತಟ್ಟೆಗೇ ಬರುವದು. ಅಂಜೂರದ ಮರದ ಸಾಮ್ಯದಲ್ಲಿ ಗಿಡದ ಪರವಾಗಿ ಇನ್ನೊಂದು ವರುಷ ಬೇಡಿಕೊಂಡ ತೋಟಗಾರನು ಗುದ್ದಲಿಯನ್ನೂ ಗೊಬ್ಬರವನ್ನೂ ಹೆಸರಿಸುವದಕ್ಕೆ ನಾಚಲಿಲ್ಲವೆಂಬದನ್ನೂ ನೆನಪುಮಾಡಿದೆವು. ಅವನು ಒಪ್ಪಿದನೆಂದು ನಾವು ಹೇಳಲಾರೆವು. ಮುಂದಿನ ಸಾರಿ ಹೋದಾಗ ಗುಂಡಿಯು ತೋಡಿತ್ತು. ಯಾರು ತೋಡಿದರೆಂದು ನಾವು ಕೇಳಲಿಲ್ಲ.

ಕೆಲಸವನ್ನು ಹಂಚಿಕೊಳ್ಳುವದರಲ್ಲಿಯೂ ನ್ಯಾಯವಿರಲಿ. ತೋಡುವ ದಿವಸ ಗಂಡಸರಿಗೆ ಬಹಳ ಉತ್ಸಾಹ. ಅನಂತರದ ಮುನ್ನೂರು ದಿವಸ ಹೆಂಗಸರ ಪಾಲು. ಆದುದರಿಂದ ಗುಂಡಿಯನ್ನು ಅಡಿಗೆಮನೆಯ ಹಿಂಬಾಗಲಿನಿಂದ ಹತ್ತು ಹದಿನೈದು ಹೆಜ್ಜೆಯೊಳಗೆ ಮಾಡಿರಿ, ತರಗೆಲೆಯ ಚೀಲವನ್ನು ಅದರ ಪಕ್ಕದಲ್ಲಿಯೇ ತುಂಬಿಡಿರಿ. ಮೆತ್ತುವದೂ ತೆಗೆಯುವದೂ ಗಂಡಸರ ಕೆಲಸವಾಗಲಿ. ಬರಿಗೈ ಹಾಕಬೇಡಿರಿ, ಚೇಳು ಇರಬಹುದು. ಉದ್ದ ಹಿಡಿಯ ಕವೆಗೋಲನ್ನೋ ಸಲಿಕೆಯನ್ನೋ ಹಿಡಿಯಿರಿ.

ಮೆತ್ತಿ ಆರು ತಿಂಗಳಾದ ಮೇಲೆ ಒಂದು ಮೂಲೆಯನ್ನು ಒಡೆದು ನೋಡಿರಿ. ಕಪ್ಪಾಗಿ, ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಬಂದರೆ ಅದು ಸಿದ್ಧವಾಗಿದೆ. ಹುಳಿ ವಾಸನೆಯೋ ಸಗಣಿಯ ವಾಸನೆಯೋ ಇದ್ದರೆ ಮತ್ತೆ ಮುಚ್ಚಿ ಒಂದು ತಿಂಗಳು ಬಿಡಿರಿ. ಸಂದೇಹವಿದ್ದವರು ಒಂದು ಕರಟದಲ್ಲಿ ಆ ಗೊಬ್ಬರವನ್ನು ತುಂಬಿ ಹತ್ತು ಮೆಂತ್ಯದ ಕಾಳುಗಳನ್ನು ಬಿತ್ತಿ ನೀರು ಚಿಮುಕಿಸಲಿ. ನಾಲ್ಕೈದು ದಿವಸದಲ್ಲಿ ಎಂಟಾದರೂ ಹಸುರಾಗಿ ಎದ್ದರೆ ಧೈರ್ಯವಾಗಿ ಹಾಕಬಹುದು. ಮೊಳಕೆಯು ಹಳದಿಯಾಗಿ ಸುಟ್ಟರೆ ಗೊಬ್ಬರವು ಇನ್ನೂ ಹಸಿ. ಬದನೆ, ಮೆಣಸಿನ ಗಿಡ ಒಂದೊಂದಕ್ಕೆ ಎರಡು ಬೊಗಸೆ ಬುಡಕ್ಕೆ ತಾಗದಂತೆ ಸುತ್ತಲೂ ಹಾಕಿ, ಮೇಲೆ ಮಣ್ಣು ಎಳೆದು ತರಗೆಲೆ ಹೊದಿಸಿರಿ, ಬಿಸಿಲಿಗೆ ಬಿಡಬೇಡಿರಿ. ಜರಡಿಯಲ್ಲಿ ಉಳಿದ ಕಡ್ಡಿ, ಕರಗದ ಸಿಪ್ಪೆ, ತೆಂಗಿನ ನಾರು ಇವುಗಳನ್ನು ಎಸೆಯದೆ ಎರಡನೇ ಗುಂಡಿಯ ತಳಕ್ಕೆ ಹಾಸಿರಿ.